ತುರ್ತು ದಾಸ್ತಾನು ಮತ್ತು ಬಚ್ಚಲ ಒಲೆ

ನಮ್ಮ ಟ್ಯೂಷನ್ ಸರ್‌ಗೆ ಎಡ ಹುಬ್ಬು ಅರ್ಧವೇ ಇತ್ತು. ಇನ್ನರ್ಧವನ್ನು ಸೀಮೆಎಣ್ಣೆ ಸ್ಟೌವ್ ಸುಟ್ಟಿತ್ತು. "ಒಂದೇ ಇಂಧನ ನಂಬಿದವನ ಗತಿ ಇದು" ಎಂದು ಅದನ್ನೂ ಪಾಠಕ್ಕೆ ಬಳಸುತ್ತಿದ್ದರು.

ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆ ಅವರದು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಯಾವ ಪಾಠ ಶುರುವಾದರೂ ಮುಗಿಯುವುದು ದೇಶಗಳ ಇಂಧನ ಭದ್ರತೆಯಲ್ಲಿ. "ಜಪಾನಿನ ಹತ್ರ ಎಣ್ಣೆ ಉಂಟಾ? ಇಲ್ಲ. ಮತ್ತೆ ನಿದ್ದೆ ಹೇಗೆ ಬರ್ತದೆ? ಸ್ಟಾಕ್ ಉಂಟು ಮಾರಾಯ್ತಿ, ಸ್ಟಾಕ್! ಜರ್ಮನಿ ಒಂದೇ ಕಡೆಯ ಗ್ಯಾಸ್ ಪೈಪು ನಂಬಿ ಎಂತ ಆಯ್ತು? ನಮಗೆ ಇವರೆಲ್ಲರಿಗಿಂತ ದೊಡ್ಡ ಚಿಂತೆ. ನಾವು ಉಣ್ಣುವುದು ಕುಚ್ಚಲಕ್ಕಿ. ಅದು ಬೇಯುವಾಗ ಮಧ್ಯಾಹ್ನ ಆಗ್ತದೆ!"

ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ತುಂಬಿದ ಸಿಲಿಂಡರೊಂದಕ್ಕೆ ಬೆಡ್‌ಶೀಟ್ ಹೊದಿಸಿ, ಬಾಗಿಲಿಗೆ ಬೀಗ ಜಡಿದಿದ್ದರು. ಅದು ‘ತುರ್ತು ದಾಸ್ತಾನು’. ದಿನವೂ ಬೀಗ ಎಳೆದು ನೋಡುವರು. "ಯೋಜನೆ ಅಂದ್ರೆ ಇದು. ನಮ್ಮಲ್ಲಿ ಗ್ಯಾಸ್ ನಡುವೆ ಮುಗಿದದ್ದೇ ಇಲ್ಲ" ಎಂದು ಜಂಬ ಕೊಚ್ಚುವಾಗ ಅವರ ಹೆಂಡತಿ, ನಮ್ಮ ಪಾಲಿನ ದೊಡ್ಡಮ್ಮ, ತಟಕ್ಕನೆ ಒಳಗೆ ಹೋಗಿಬಿಡುತ್ತಿದ್ದರು.

ಕೊಲ್ಲಿಯಲ್ಲಿ ಗಲಾಟೆಯಾಗಿ ಗ್ಯಾಸ್ ಹಡಗುಗಳು ತಡವಾದ ದಿನಗಳಲ್ಲೇ ಕೊಟ್ಟಾರದಿಂದ ಹುಡುಗನ ಮನೆಯವರು ನಮ್ಮಲ್ಲಿ ಊಟಕ್ಕೆ ಬರುವುದಿತ್ತು. ಹುಡುಗನನ್ನು ಮೆಚ್ಚಿದವಳು ನಾನೇ. ಒಪ್ಪಬೇಕಾದವರು ಅವನ ತಾಯಿ, ಊಟದಲ್ಲೇ ಮನೆ ಅಳೆಯುವವರು. ಅಕ್ಕಿ ಅರ್ಧ ಬೆಂದಾಗ ನಮ್ಮ ಗ್ಯಾಸ್ ಮುಗಿಯಿತು. ಬೀದಿಯವರೆಲ್ಲ ಒಟ್ಟಿಗೇ ಇಂಡಕ್ಷನ್ ಒಲೆ ಹಚ್ಚಿ ಟ್ರಾನ್ಸ್‌ಫಾರ್ಮರ್ ಕೂಡ ಕೈಕೊಟ್ಟಿತ್ತು. ನಾನು ಸರ್ ಮನೆಗೆ ಓಡಿದೆ.

"ಹುಡುಗ ನಿನಗೆ ಇಷ್ಟ ಉಂಟಾ?" ಎಂದರು.

"ಉಂಟು ಸರ್."

"ಹಾಗಾದ್ರೆ ಇದು ತುರ್ತು ಪರಿಸ್ಥಿತಿ."

ಬೀಗ ತೆಗೆದು, ಬೆಡ್‌ಶೀಟ್ ಸರಿಸಿ, ಸೊಂಟ ಗಟ್ಟಿಮಾಡಿಕೊಂಡು ಸಿಲಿಂಡರ್ ಎತ್ತಿದರು. ಅದು ಸಲೀಸಾಗಿ ಎದ್ದು ಬಂತು. ಪೂರಾ ಖಾಲಿ.

ದೊಡ್ಡಮ್ಮ ಸೆರಗು ತಿರುಚುತ್ತ ನಿಂತಿದ್ದರು. "ಅಡುಗೆಮನೆಯದ್ದು ಮುಗಿದಾಗೆಲ್ಲ ನೀವು ಮಲಗಿದ ಮೇಲೆ ಬೀಗದ ಕೈ ತೆಗೆದು ನಾನು ಬದಲಾಯಿಸಿ ಇಡ್ತಿದ್ದೆ ಮಾರ್ರೆ. ಹೊಸದು ಬಂದ ಕೂಡಲೇ ಇಲ್ಲಿ ವಾಪಸ್. ಈ ಸಲ ಹೊಸದು ಬರ್ಲೇ ಇಲ್ಲ. ಒಳಗಿದ್ದದ್ದೂ ನಿನ್ನೆ ಮುಗಿಯಿತು. ಬೆಳಿಗ್ಗೆ ನೀವು ಕುಡಿದ ಚಾ ಬಚ್ಚಲ ಒಲೆಯದ್ದು."

ಸರ್ ಕೆಂಪಾದರು. ಶಿಷ್ಯೆಯ ಎದುರೇ ಅವರ ಸಿದ್ಧಾಂತ ಮಣ್ಣು ಮುಕ್ಕಿತ್ತು. ಬೈಗುಳಕ್ಕೆ ಕಾದು ನಿಂತೆವು. "ಪಾಠ ಆಮೇಲೆ. ಅನ್ನದ ಪಾತ್ರೆ ತಾ" ಎಂದರು.

ಹಂಡೆ ಇಳಿಸಿ, ತೆಂಗಿನ ಗೆರಟೆ ಒಟ್ಟಿ, ಬಿಳಿ ಪಂಚೆ ಎತ್ತಿ ಕಟ್ಟಿ ಸರ್ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಊದಿದರು. ಹೊಗೆಗೆ ಕಣ್ಣೀರು ಸುರಿಯುತ್ತಿತ್ತು. ಅದನ್ನು ನೋಡಿ ನನಗೂ ಅಳು ಬಂತು. "ಅಳ್ಬೇಡ, ಬೆಂಕಿ ಆರ್ತದೆ" ಎಂದು ಗದರಿಸಿದರು. ಅನ್ನ ಬೆಂದಿತು. ಅತಿಥಿಗಳು ಬರುವ ಹೊತ್ತಿಗೆ ಅವರು ಮಸಿ ತೊಳೆದುಕೊಂಡು ನಮ್ಮ ಚಾವಡಿಯಲ್ಲಿ ಗಂಭೀರವಾಗಿ ಕೂತಿದ್ದರು.

ಕಳೆದ ವರ್ಷ ಸರ್ ತೀರಿಕೊಂಡರು. ನನ್ನ ಸಂಸಾರ ಅವರು ಊದಿ ಉಳಿಸಿದ್ದು ಎಂದೇ ನಾನು ತಿಳಿದಿದ್ದೇನೆ. ಅತ್ತೆ ಇವತ್ತಿಗೂ, "ಆ ದಿನದ ಅನ್ನದ ಪರಿಮಳ ನಿನ್ನ ಕೈಗೆ ಯಾಕೆ ಬರುವುದಿಲ್ಲ?" ಎಂದು ಕೇಳುತ್ತಾರೆ. "ಅಕ್ಕಿ ಬೇರೆ ಅತ್ತೆ" ಎನ್ನುತ್ತೇನೆ. ಬಚ್ಚಲಲ್ಲಿ ಬೆಂದದ್ದೆಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ.