ಹಿಮದ ಬೂಟು, ಬಿಸಿ ಬಂಡೆ

ನಮ್ಮ ಸೋದರಮಾವನದು ಹಾಸನದಲ್ಲಿ ಮಿಲಿಟ್ರಿ ಬಟ್ಟೆಯ ವ್ಯಾಪಾರ. ಹೊಸ ಬಟ್ಟೆಯಲ್ಲ. ಯಾರೋ ಸಿಪಾಯಿ ತೊಟ್ಟು, ಸವೆಸಿ, ಕೊನೆಗೆ ಸರ್ಕಾರ ಬೇಡವೆಂದು ಹರಾಜಿಗೆ ಹಾಕಿದ ಓವರ್‌ಕೋಟು, ಜೆರ್ಸಿ, ಮಳೆಕೋಟು, ಬೂಟು. ಇವನ್ನು ಬೆಂಗಳೂರಿನಿಂದ ಗೋಣಿ ಗಂಟುಗಳಲ್ಲಿ ತಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಲ್ಲಿ ಟಾರ್ಪಾಲು ಹಾಸಿ ಮಾರುತ್ತಿದ್ದರು. ಚಳಿಗಾಲ ಬಂತೆಂದರೆ ನಮ್ಮ ಕಡೆ ಆಲೂಗಡ್ಡೆ ಹೊಲ ಕಾಯುವವರೆಲ್ಲ ಸುಬೇದಾರರ ಹಾಗೆ ಕಾಣುತ್ತಿದ್ದರು.

ನಾನು ಈ ವ್ಯಾಪಾರಕ್ಕೆ ಬಂದದ್ದು ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಡುಮ್ಕಿ ಹೊಡೆದ ಅರ್ಹತೆಯ ಮೇಲೆ. ನಮ್ಮಪ್ಪ ಹೊಳೆನರಸೀಪುರದಲ್ಲಿ ಲೆಕ್ಕದ ಮೇಷ್ಟ್ರು. ಊರಿನ ಮಕ್ಕಳೆಲ್ಲ ಅವರ ಕೈಯಲ್ಲಿ ಪಾಸಾಗುತ್ತಿದ್ದರು, ಅವರ ಮನೆಯಲ್ಲೇ ಉಂಡು ಮಲಗುತ್ತಿದ್ದ ನಾನೊಬ್ಬನನ್ನು ಬಿಟ್ಟು. ಮೂರನೇ ಸಲದ ಫಲಿತಾಂಶ ಬಂದ ದಿನ ಅಪ್ಪ ನನ್ನ ಬೀಜಗಣಿತದ ಪುಸ್ತಕಕ್ಕೆ ಹೊಸ ರಟ್ಟು ಹಾಕತೊಡಗಿದರು. ಅದನ್ನು ನೋಡಿ ಹೆದರಿ, ಮಾರನೆಯ ಬೆಳಿಗ್ಗೆಯೇ ಹಾಸನದ ಬಸ್ಸು ಹತ್ತಿ ಮಾವನ ಮನೆ ಸೇರಿದೆ.

ಮಾವ ಮೊದಲ ಆರು ತಿಂಗಳು ಗಂಟು ಕಟ್ಟುವ, ಬಿಚ್ಚುವ ಕೆಲಸ ಕೊಟ್ಟರು. ಆಮೇಲೆ ಒಂದು ದಿನ ಹೊಳೆನರಸೀಪುರದ ಸಂತೆಯಲ್ಲಿ ಬಾಯಿ ಬಿಟ್ಟು ಮಾರಲು ಅಪ್ಪಣೆ ಕೊಟ್ಟರು. ಒಬ್ಬ ಗೌಡರು ಓವರ್‌ಕೋಟು ಎತ್ತಿ ಹಿಡಿದು ಎದೆಯ ಹತ್ತಿರದ ತೂತಿನಲ್ಲಿ ಬೆರಳು ತೂರಿಸಿದರು.

"ಇದೇನ್ಲಾ ತೂತು?"

ಅದು ಇಲಿ ಕಡಿದದ್ದು. ಹಾಗೆಂದರೆ ಬೆಲೆ ಬಿದ್ದೀತು ಎಂದು ನಾನು ಎದೆಯುಬ್ಬಿಸಿ, "ಗುಂಡೇಟು ಗೌಡ್ರೇ! ಯುದ್ಧದಾಗೆ ಎದೆ ಕೊಟ್ಟು ನಿಂತೋನ್ ಕೋಟು!" ಎಂದು ಇಡೀ ಸಂತೆಗೆ ಕೇಳುವಂತೆ ಕೂಗಿದೆ.

ಗೌಡರು ಕೆಂಡ ಮುಟ್ಟಿದವರ ಹಾಗೆ ಬೆರಳು ಎಳೆದುಕೊಂಡರು. "ಥೂ! ಸತ್ತೋನ್ ಕೋಟಾ?"

ಅಷ್ಟೇ. ಟಾರ್ಪಾಲಿನ ಸುತ್ತ ನಿಂತಿದ್ದವರು ಮಳೆ ಬಂದ ಹಾಗೆ ಚದುರಿದರು. ಬೆಳಿಗ್ಗೆ ಮೊಮ್ಮಗನಿಗೆ ಜೆರ್ಸಿ ಕೊಂಡುಹೋಗಿದ್ದ ಒಬ್ಬ ಅಜ್ಜಿ ಕೋಲಿನ ತುದಿಯಲ್ಲಿ ಅದನ್ನು ಎತ್ತಿಕೊಂಡು ಬಂದು, "ಇದ್ಯಾವ್ ಹೆಣದ್ದಪ್ಪಾ, ಇಟ್ಕೋ" ಎಂದು ನನ್ನ ತಲೆಯ ಮೇಲೆಯೇ ಹಾಕಿ ಹೋದಳು. ಮಾವ ಗೋಣಿ ಹೊಲಿಯುವ ದಬ್ಬಳ ತೋರಿಸಿ ಹೇಳಿದರು: "ಇನ್ನೊಂದ್ಕಿತ ಬಾಯ್ ಬುಟ್ರೆ ಇದ್ರಾಗೇ ಒಲಿದ್ಬುಡ್ತೀನಿ."

ಅಂಥ ಮಾವನಿಗೆ ಚಳಿಜ್ವರ ಬಂದು, ಬೆಂಗಳೂರಿನ ಹರಾಜಿಗೆ ನನ್ನನ್ನು ಕಳಿಸಬೇಕಾಯಿತು. ಆ ವ್ಯಾಪಾರದಲ್ಲಿ ಗಂಟು ಬಿಚ್ಚಿ ನೋಡುವ ಹಾಗಿಲ್ಲ. ಹೊಲಿಗೆಯ ಮೂಲೆಯಲ್ಲಿ ಎರಡು ಬೆರಳು ತೂರಿಸಿ ಮುಟ್ಟಬಹುದು. ಮಾವನಾದರೆ ಹಾಗೆ ಮುಟ್ಟಿಯೇ ಕೋಟಿನ ತೋಳು ಯಾವುದು, ಪ್ಯಾಂಟಿನ ಕಾಲು ಯಾವುದು, ಗುಂಡಿ ಎಷ್ಟು ಉದುರಿವೆ ಎಂದು ಹೇಳಿಬಿಡುತ್ತಿದ್ದರು. ನಾನೂ ಕಣ್ಣು ಮುಚ್ಚಿ, ನಾಡಿ ನೋಡುವ ಪಂಡಿತನ ಗತ್ತಿನಲ್ಲಿ ಮುಟ್ಟಿದೆ. ಮೆತ್ತಗಿತ್ತು. ಎತ್ತಿ ನೋಡಿದೆ, ಏಳಲಿಲ್ಲ. ಮೆತ್ತಗೂ ಇದೆ, ಭಾರವೂ ಇದೆ, ಅಂದ ಮೇಲೆ ಒಳಗೆ ಓವರ್‌ಕೋಟಲ್ಲದೆ ಇನ್ನೇನು? ಎಲ್ಲಕ್ಕಿಂತ ಭಾರದ ಗಂಟನ್ನೇ ಹಿಡಿದು ತಂದೆ. ಬಸ್ಸಿನ ಮೇಲೆ ಅದನ್ನು ಏರಿಸುವಾಗ ಕಂಡಕ್ಟರು, "ಒಳ್ಗೆ ಆನೆ ಮರಿ ಐತಾ?" ಎಂದು ಕೇಳಿದಾಗ ನನಗೆ ಹೆಮ್ಮೆಯೇ ಆಯಿತು.

ಹಾಸನದಲ್ಲಿ ಮಾವ ಕಂಬಳಿ ಹೊದ್ದುಕೊಂಡೇ ಗಂಟಿನ ಹೊಲಿಗೆ ಬಿಚ್ಚಿದರು. ಮೇಲೆ ಒಂದು ರಾಶಿ ಮೊಣಕಾಲುದ್ದದ ಕಾಲುಚೀಲ. ನನ್ನ ಬೆರಳಿಗೆ ಮೆತ್ತಗೆ ಸಿಕ್ಕಿದ್ದು ಅವೇ. ಅದರ ಕೆಳಗೆ ಅಡಿಗೆಲ್ಲ ಕಬ್ಬಿಣದ ಮೊಳೆ ಹೊಡೆದ ಬೂಟುಗಳು, ದಪ್ಪ ಹಗ್ಗದ ಸುರುಳಿಗಳು, ಪಿಕಾಸಿಗೆ ಮದುವೆಯಾಗಿ ಕೊಡಲಿ ಹೆತ್ತ ಹಾಗಿದ್ದ ಒಂದಷ್ಟು ಆಯುಧ. ಕೋಟಿರಲಿ, ಕೋಟಿನ ಗುಂಡಿಯೂ ಇರಲಿಲ್ಲ.

ಮಾವ ಬಹಳ ಹೊತ್ತು ಒಂದು ಬೂಟನ್ನು ತಿರುಗಿಸಿ ನೋಡಿದರು. "ಇದು ಇಮದ್ ಬೆಟ್ಟ ಅತ್ತೋ ಸಿಪಾಯಿಗಳ ಸಾಮಾನು ಕಣ್ಲಾ. ಆಸನದಾಗೆ ಇಮ ಯಾವಾಗ್ಲಾ ಬಿದ್ದಿತ್ತು?"

"ಬೀಳ್ಬೋದು ಮಾವ. ಈ ಸಲ ಚಳಿ ಜಾಸ್ತಿ."

ಅತ್ತೆ ನಡುವೆ ಬರದಿದ್ದರೆ ಆ ಬೂಟು ನನ್ನ ಬೆನ್ನ ಮೇಲೆ ಬೀಳುತ್ತಿತ್ತು. ಜ್ವರ ಇಳಿದ ಮೇಲೆ ಮಾವ ಕರೆದು ಕೂರಿಸಿ ತೀರ್ಪು ಕೊಟ್ಟರು. "ಯುಗಾದಿ ಒಳ್ಗೆ ಈ ಗಂಟು ನೀನೇ ಖಾಲಿ ಮಾಡ್ಬೇಕು. ಮಾಡಿದ್ರೆ ಅರಕಲಗೂಡು ಸಂತೆ ನಿಂದು, ನಾನು ಆ ಕಡೆ ತಲೆ ಆಕಲ್ಲ. ಆಗ್ಲಿಲ್ವಾ, ಗಂಟಿನ ಜೊತ್ಗೆ ನಿನ್ನೂವೆ ಒಳೆನರಸೀಪುರದ ಬಸ್ಸಿಗಾಕ್ತೀನಿ. ನಾಕ್ನೇ ಕಿತ ಎಸ್ಸೆಸ್ಸೆಲ್ಸಿಗೆ ಕೂತ್ಕೋ."

ಸಂತೆಯಲ್ಲಿ ಸ್ವಂತ ಜಾಗ! ಮೂರು ಸಲ ಫೇಲಾದವನಿಗೆ ಸ್ವಂತ ಟಾರ್ಪಾಲು ಅಂದರೆ ಏನೆಂದು ಪಾಸಾದವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ಹೊಸ ರಟ್ಟು ಹಾಕಿದ ಆ ಪುಸ್ತಕ. ನಾನು ಗಂಟು ಹೊತ್ತೆ.

ಅರಕಲಗೂಡಿನಲ್ಲಿ ಆಯುಧಗಳನ್ನು ಒಬ್ಬ ಕಮ್ಮಾರ ತಗೊಂಡ. ಕಣ್ಣೆದುರೇ ಒಂದನ್ನು ಕುಲುಮೆಗೆ ಹಾಕಿ ಕುಡುಗೋಲು ಬಡಿಯತೊಡಗಿದ. ಹಗ್ಗಕ್ಕೆ ಚನ್ನರಾಯಪಟ್ಟಣವೇ ಸರಿ, ಅಲ್ಲಿ ತೆಂಗಿನಕಾಯಿ ಕೀಳುವವರು ಜಾಸ್ತಿ ಎಂದು ಹೊರಟೆ. ಅಷ್ಟು ಮಾಡಿ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಹಗ್ಗ ನೋಡುತ್ತಿದ್ದ ಕಾಯಿ ಕೀಳುವವನಿಗೆ ಬೂಟನ್ನೂ ತೋರಿಸಿ, "ಇದಾಕ್ಕೊಂಡ್ರೆ ಮರ ಮೆಟ್ಲು ಅತ್ತಿದಂಗೆ ಅತ್ಬೋದು" ಎಂದೆ.

"ಎಲ್ಲಿ, ಅತ್ತು ನೋಡಾವ."

ನಾನು ಜೀವಮಾನದಲ್ಲಿ ತೆಂಗಿನ ಮರ ಹತ್ತಿದವನಲ್ಲ. ಬೂಟು ಕಟ್ಟಿಕೊಂಡು, ಅಲ್ಲೇ ಇದ್ದ ತೋಟದ ಮರ ತಬ್ಬಿ, ಒಂದೊಂದೇ ಕಾಲನ್ನು ಮರಕ್ಕೆ ಒದ್ದು ಏರಿದೆ. ಮೊಳೆ ಚೆನ್ನಾಗಿಯೇ ಕಚ್ಚಿತು. ಎಷ್ಟು ಚೆನ್ನಾಗಿ ಎಂದರೆ, ಆಳೆತ್ತರ ಹೋದ ಮೇಲೆ ಕಾಲು ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಬರಲಿಲ್ಲ. ಕೆಳಗೆ ಜನ ಸೇರಿತು. ಕೊನೆಗೆ ದಾರ ಬಿಚ್ಚಿ, ಬೂಟನ್ನು ಮರದಲ್ಲೇ ಬಿಟ್ಟು, ಎದೆ ತರಚಿಕೊಂಡು ಜಾರಿ ಬಿದ್ದೆ.

ಕಾಯಿ ಕೀಳುವವನು ನಗು ತಡೆದುಕೊಂಡು, "ಬೂಟೇನೋ ಅತ್ತೈತೆ ಕಣಣ್ಣ, ನೀನೇ ಅತ್ತಿಲ್ಲ" ಎಂದು, ಬೂಟು ಕಿತ್ತು ಕೊಟ್ಟು, ಪಾಪವೆನಿಸಿತೋ ಏನೋ, ತನ್ನವರಿಗೂ ಸೇರಿಸಿ ಹಗ್ಗವನ್ನೆಲ್ಲ ಕೊಂಡ.

ಉಳಿದದ್ದು ಬೂಟು, ಕಾಲುಚೀಲ. ಯುಗಾದಿಗೆ ಎರಡು ವಾರ. ಆಗ ನನಗೆ ಹೊಳೆಯಿತು: ಬೆಟ್ಟ ಹತ್ತುವ ಬೂಟನ್ನು ಬೆಟ್ಟದ ಬುಡದಲ್ಲಿ ಮಾರದೆ ಸಂತೆಯಲ್ಲಿ ಮಾರುತ್ತಾರೆಯೇ? ಚನ್ನರಾಯಪಟ್ಟಣದಿಂದ ಗಳಿಗೆಯ ದಾರಿ ಶ್ರವಣಬೆಳಗೊಳ. ದೇಶದೇಶದಿಂದ ಜನ ಬಂದು ದಿನಾ ಬೆಟ್ಟ ಹತ್ತುತ್ತಾರೆ. ನಾನೂ ಚಿಕ್ಕವನಿದ್ದಾಗ ಹತ್ತಿದ್ದೇನೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಮೆಟ್ಟಿಲು ಶುರುವಾಗುವ ಕಡೆ ಟಾರ್ಪಾಲು ಹಾಸಿ, ಬೂಟುಗಳನ್ನು ಜೋಡಿ ಜೋಡಿಯಾಗಿ ನಿಲ್ಲಿಸಿ, "ಬೆಟ್ಟ ಅತ್ತೋ ಬೂಟು! ಜಾರಲ್ಲ, ಬೀಳಲ್ಲ!" ಎಂದು ಗಂಟಲು ಬಿಟ್ಟೆ. ಬಂದವರು ಬೂಟು ನೋಡುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ತಮ್ಮ ಚಪ್ಪಲಿಯನ್ನು ಅಲ್ಲೇ ಕಳಚಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಟಾರ್ಪಾಲಿನ ಸುತ್ತ ಚಪ್ಪಲಿಗಳ ದೊಡ್ಡ ರಾಶಿಯೇ ಬಿತ್ತು. ಒಬ್ಬರಂತೂ ನನ್ನ ಕೈಗೆ ತಮ್ಮ ಜೋಡು ಕೊಟ್ಟು, "ನೋಡ್ಕೊಳಪ್ಪಾ" ಎಂದು ಹೋದರು.

ಪಕ್ಕದಲ್ಲಿ ಹಿತ್ತಾಳೆ ದೀಪ, ತೆಂಗಿನಕಾಯಿ ಇಟ್ಟುಕೊಂಡಿದ್ದ ಜೈನರ ಅಜ್ಜಿ ಇದನ್ನೆಲ್ಲ ನೋಡುತ್ತ ಕೂತಿದ್ದರು. ಕೊನೆಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದರು: "ಯಾವೂರಪ್ಪಾ ನಿಂದು?"

"ಒಳೆನರಸೀಪುರ, ಅಮ್ಮಾವ್ರೇ."

"ಈ ಬೆಟ್ಟ ನೋಡೇ ಇಲ್ವಾ?"

"ಚಿಕ್ಕೋನಿದ್ದಾಗ ಅತ್ತಿದ್ದೆ."

"ಬೂಟ್ ಆಕ್ಕೊಂಡಾ?"

ಆಗ ಗೊತ್ತಾಯಿತು. ಈ ಬೆಟ್ಟವನ್ನು ಬರಿಗಾಲಲ್ಲದೆ ಯಾರೂ ಹತ್ತುವುದಿಲ್ಲ. ನಾನೂ ಬರಿಗಾಲಲ್ಲೇ ಹತ್ತಿದ್ದೆ. ಅದರಲ್ಲೂ ಪ್ರಾಣಿಯ ಚರ್ಮದ ಸಾಮಾನು ತಂದು, ಜೀವಹಿಂಸೆ ಸಲ್ಲದೆನ್ನುವವರ ಮೆಟ್ಟಿಲ ಮುಂದೆ ಮೆರವಣಿಗೆ ನಿಲ್ಲಿಸಿದ್ದೆ. ಇಡೀ ಹಾಸನ ಜಿಲ್ಲೆಯಲ್ಲಿ ಬೂಟು ಮಾರಲೇಬಾರದ ಜಾಗ ಒಂದೇ ಒಂದಿತ್ತು. ಬಸ್ ಚಾರ್ಜು ಕೊಟ್ಟು ಅಲ್ಲಿಗೇ ಬಂದಿದ್ದೆ. ಮುಖ ಎತ್ತಲಾಗದೆ ಬೂಟುಗಳನ್ನು ಗೋಣಿಗೆ ತುಂಬಿದೆ.

ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೇಲಿಂದ ಇಳಿಯುತ್ತಿದ್ದವರು ಕಾದ ಬಂಡೆಯ ಮೇಲೆ ಹಸ್, ಉಸ್ ಎನ್ನುತ್ತ ಕುಣಿದುಕೊಂಡು ಬರುತ್ತಿದ್ದರು. ದಪ್ಪನೆಯ ಒಬ್ಬ ಸಾಹುಕಾರರು ಒಂದು ಮೆಟ್ಟಿಲಿನಲ್ಲಿ ಎರಡು ಕಾಲೂ ಊರದೆ ಬಂದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಕೆಳಗೆ ಒಬ್ಬ ಮುದುಕಿ, ದೂರದೂರಿಂದ ಬಂದವರು, ಬಂಡೆ ಮುಟ್ಟಿ ನೋಡಿ ಹತ್ತಲಾರದೆ ಕಣ್ಣೀರು ಹಾಕುತ್ತಿದ್ದರು. ಅಜ್ಜಿ ಅವರನ್ನು ನೋಡಿದರು, ನನ್ನ ಗೋಣಿಯನ್ನು ನೋಡಿದರು.

"ಆ ಕಾಲ್ಚೀಲ ಉಣ್ಣೇದಾ, ನೂಲಿಂದಾ?"

ಮಾವನಿಂದ ನಾನು ಕಲಿತಿದ್ದ ವಿದ್ಯೆ ಒಂದೇ. ಎಳೆ ಕಿತ್ತು ಬೆಂಕಿ ತಾಗಿಸಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಹತ್ತಿಯ ನೂಲು ಕಾಗದ ಸುಟ್ಟ ವಾಸನೆ. ಕಡ್ಡಿ ಗೀರಿದೆ. ಮೊದಲನೆಯದು ಕೂದಲು. ಎರಡನೆಯದು ಕಾಗದ! ಮೂರನೆಯದೂ ಕಾಗದ! ಉಣ್ಣೆಯವು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಅಪ್ಪಟ ನೂಲು.

"ಉಣ್ಣೆ ಪ್ರಾಣೀದು, ಬ್ಯಾಡ. ನೂಲಾದ್ರೆ ಯಾರ್ ಬ್ಯಾಡಂತಾರೆ? ಆದ್ರೆ ಯಾರೋ ಆಕ್ಕೊಂಡಿದ್ದು. ಅಂಗಂಗೇ ಮಾರ್‌ಬ್ಯಾಡ, ಕುದ್ಸು," ಎಂದು ಅಜ್ಜಿ ತಮ್ಮ ಮನೆಗೆ ಕರೆದೊಯ್ದು ಹಿತ್ತಲಿನ ಹಂಡೆ ತೋರಿಸಿದರು. ನಾನು ಬಾವಿಯಿಂದ ನೀರು ಸೇದಿ ಹಂಡೆಗೆ ಸುರಿಯಹೋದರೆ ಕೈ ಹಿಡಿದರು. "ಸೋಸಿ ಉಯ್ಯಪ್ಪಾ! ನೀರ್ನಾಗಿರೋ ಉಳ ಬೇಯಿಸ್ತೀಯಾ?" ಒಂದೊಂದು ಬಿಂದಿಗೆಯನ್ನೂ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಬಾವಿಯ ನೀರಲ್ಲೇ ಜಾಲಿಸಿ, ಹುಳಗಳನ್ನು ಕ್ಷೇಮವಾಗಿ ಮನೆಗೆ ಕಳಿಸಿ, ಆಮೇಲೆ ಒಲೆ ಹೊತ್ತಿಸಿದೆ. ಸೀಗೆಪುಡಿ ಹಾಕಿ ಕುದಿಸಿದ್ದಕ್ಕೆ ಹಂಡೆಯಿಂದ ಒಂದು ಪಲ್ಟನ್ನಿನ ಬೆವರು ಹೊರಟಿತು. ಹೊತ್ತು ಮುಳುಗುವ ಮುಂಚೆಯೇ ಅಜ್ಜಿ ಊಟ ಹಾಕಿ, ಜಗಲಿಯಲ್ಲಿ ಜಾಗ ಕೊಟ್ಟರು.

ಮಾರನೆಯ ದಿನ ಹಿತ್ತಲ ಬಂಡೆಯ ಮೇಲೆ ಹರವಿದ ಕಾಲುಚೀಲಗಳು ಬಿಸಿಲೇರುತ್ತಲೇ ಹಪ್ಪಳವಾದವು. ಮಧ್ಯಾಹ್ನ ಟಾರ್ಪಾಲು ಹಾಸಿದೆ. ಯಾರೂ ಮುಟ್ಟಲಿಲ್ಲ. ಸರಿ, ನಾನೇ ಹಾಕಿಕೊಂಡು ಹತ್ತಿ ತೋರಿಸುತ್ತೇನೆಂದು ಹೊರಟೆ. ಕುಣಿಯುತ್ತಿದ್ದವರ ನಡುವೆ ಮಹಾರಾಜನ ಹಾಗೆ ನಡೆದು ಅರ್ಧ ಬೆಟ್ಟ ಏರಿದೆ. ಜನ ನಿಂತು ನೋಡಿದರು. ಗೆದ್ದೆನೆಂದು ಎರಡು ಕೈಯೂ ಮೇಲೆತ್ತಿ ಕೆಳಕ್ಕೆ ಓಡಿದೆ. ನುಣುಪು ಬಂಡೆ, ನುಣುಪು ನೂಲು. ಕೊನೆಯ ಎಂಟು ಹತ್ತು ಮೆಟ್ಟಿಲನ್ನು ಕೂತ ಭಂಗಿಯಲ್ಲೇ ಇಳಿದು, ನೇರವಾಗಿ ಅಜ್ಜಿಯ ತೆಂಗಿನಕಾಯಿ ರಾಶಿಯ ಮೇಲೆ ಬಂದು ನಿಂತೆ.

ಅಜ್ಜಿ ಕಾಯಿ ಆರಿಸಿಕೊಳ್ಳುತ್ತಲೇ ಜನಕ್ಕೆ ಹೇಳಿದರು: "ಈ ಮುಂಡೇದರ ತರ ಓಡ್ಬ್ಯಾಡಿ, ಅಷ್ಟೆಯ. ಒಳಮೈ ಒರಗೆ ಮಾಡ್ಕೊಂಡು ಮೆಲ್ಲಗೆ ನಡೀರಿ, ಜಾರಲ್ಲ." ಒಳಮೈಯ ಎಳೆ ಒರಟು, ನಿಜವಾಗಿಯೂ ಜಾರುತ್ತಿರಲಿಲ್ಲ.

ಮೊದಲ ಜೋಡಿ ಹಾಕಿಕೊಂಡದ್ದು ಹಿಂದಿನ ದಿನ ಕಣ್ಣೀರು ಹಾಕಿದ್ದ ಆ ಮುದುಕಿ. ಮಗನ ತೋಳು ಹಿಡಿದು ಮೆಲ್ಲಗೆ ಹತ್ತಿದರು. ತಿರುಗಿ ಬರುವಾಗ ಅವರ ಮುಖ ನೋಡಿದ ಯಾತ್ರಿಕರಿಗೆ ನನ್ನ ಕೂಗಿನ ಅಗತ್ಯವೇ ಇರಲಿಲ್ಲ. ನಾಲ್ಕು ದಿನದಲ್ಲಿ ನೂಲಿನ ಕಾಲುಚೀಲ ಒಂದೂ ಉಳಿಯಲಿಲ್ಲ. ಕೊನೆಗೆ ಜೋಡಿ ತಪ್ಪಿದವನ್ನೂ ಜಗಳವಾಡಿ ಕೊಂಡರು. ಉಣ್ಣೆಯವನ್ನು ಚನ್ನರಾಯಪಟ್ಟಣದ ಬಸ್ ಡ್ರೈವರುಗಳು ತಗೊಂಡರು. ಬೂಟನ್ನು ಅಲ್ಲಿಯ ಒಬ್ಬ ಚಪ್ಪಲಿ ಹೊಲಿಯುವವರು ನೋಡಿ, "ಇಂಥ ಚರ್ಮ ಎಲ್ ಸಿಕ್ತು ಸಾ?" ಎಂದು ಮೊಳೆ ಕಿತ್ತು ಅಟ್ಟೆ ಮಾಡಲು ಅಷ್ಟನ್ನೂ ಇಟ್ಟುಕೊಂಡರು. ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಸಾರ್ ಅಂದರು. ಇನ್ನೊಂದು ಸಲ ಅನ್ನಿಸಲು ಬೆಲೆ ಸ್ವಲ್ಪ ಇಳಿಸಿದೆ.

ಯುಗಾದಿಗೆ ಮೂರು ದಿನ ಮುಂಚೆ ಹಾಸನದಲ್ಲಿ ಮಾವನ ಮುಂದೆ ಖಾಲಿ ಗೋಣಿ ಹಾಸಿದೆ. ಮಾವ ಅದನ್ನು ತಲೆಕೆಳಗು ಮಾಡಿ ಕೊಡವಿದರು, ಒಳಗೆ ತಲೆ ಹಾಕಿ ನೋಡಿದರು, ಆಮೇಲೆ ಅತ್ತೆಯನ್ನು ಕೂಗಿದರು: "ಲೇ, ಇವ್ನಿಗೆ ಪಾಯ್ಸ ಮಾಡೇ. ಅರಕಲಗೂಡ್ನೋನು ಬಂದವ್ನೆ."

ಅರಕಲಗೂಡಿನ ನನ್ನ ಮೊದಲ ಸಂತೆಗೆ ಅಪ್ಪ ಹೊಳೆನರಸೀಪುರದಿಂದ ಬಂದರು. ಗುಂಪಿನಲ್ಲಿ ನುಗ್ಗಿ, ಗಿರಾಕಿಯ ಹಾಗೆ ಒಂದು ಜೆರ್ಸಿ ಎತ್ತಿ, "ಎಷ್ಟೋ?" ಎಂದರು. ಹೇಳಿದೆ. ಅರ್ಧಕ್ಕೆ ಕೇಳಿದರು. ಇಲ್ಲ ಎಂದೆ. ಮುಕ್ಕಾಲಿಗೆ ಬಂದರು. ಬೆವರುತ್ತಿದ್ದೆ, ಆದರೂ ಇಲ್ಲ ಎಂದೆ. ಅಪ್ಪ ಪೂರ್ತಿ ದುಡ್ಡು ಎಣಿಸಿ ಕೊಟ್ಟು, ಆ ಸೆಕೆಯಲ್ಲೇ ಜೆರ್ಸಿ ತೊಟ್ಟು, ಗುಂಪಿನ ಕಡೆ ತಿರುಗಿ ತರಗತಿಯ ದನಿಯಲ್ಲಿ ಹೇಳಿದರು: "ಇವನು ನನ್ನ ಮಗ ಕಣ್ರಯ್ಯಾ. ನನಗೇ ಒಂದು ಕಾಸು ಬಿಡಲಿಲ್ಲ. ನಿಮಗೆ ಬಿಡ್ತಾನಾ? ಸುಮ್ನೆ ಹೊತ್ತು ಕಳೀಬೇಡಿ, ತಗೊಳ್ಳಿ."

ಆ ದಿನ ಆಮೇಲೆ ಒಬ್ಬರೂ ಚೌಕಾಸಿ ಮಾಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಟಾರ್ಪಾಲಿನ ಮೇಲೆ ನಾನೊಬ್ಬನೇ ಮಾರಾಟವಾಗದೆ ಉಳಿದಿದ್ದೆ.