ಮೊಣಕಾಲಿನ ಮೇಲ್ಮನವಿಯಲ್ಲಿ ನಮ್ಮ ಹವಾಲ್ದಾರರು

ಗೆಳತಿಯರೇ, ನಮ್ಮ ಮನೆಯವರು ಮಾಜಿ ಹವಾಲ್ದಾರರು. ಫೌಜಿನಲ್ಲಿ ಮೊಣಕಾಲು ಮುರಿದಿದ್ದರೂ ಅಂಗವೈಕಲ್ಯ ಪಿಂಚಣಿ ಕೊಡಲಿಲ್ಲವೆಂದು ಮೇಲ್ಮನವಿ ಹಾಕಿದ್ದೆವು. ಇವತ್ತು ಆಳಂದದಿಂದ ಹೋಗಿ ಡಾಕ್ಟರರ ಮಂಡಳಿಯ ಮುಂದೆ ನಿಂತೆವು.

“ಕಾಲು ಹೇಗಿದೆ?” ಎಂದರು ಮೇಜರ್ ಡಾಕ್ಟರ್.

ಇವರು ಎದೆ ಸೆಟೆಸಿ, “ಏಕದಂ ಫಿಟ್ ಸರ್!” ಎಂದುಬಿಟ್ಟರು.

ನನಗೆ ಮೈ ಉರಿಯಿತು. “ಸಾಹೇಬ್ರ, ಇವರ ಮಾತು ಕೇಳಬ್ಯಾಡ್ರಿ. ಊಟಕ್ಕ ಕುಂತಂಗ ನೆಲದ ಮ್ಯಾಲ ಕುಂದ್ರಸ್ರಿ. ಎಬ್ಬಸೂದು ಮಾತ್ರ ನಿಮ್ಮ ಪಾಳಿ,” ಎಂದೆ.

ಮೇಜರ್ ಹುಕುಂ ಕೊಟ್ಟರು. ಇವರು ಹೇಗೋ ಕೂತರು, ಏಳಲು ಆಗಲಿಲ್ಲ.

“ತೊಂದರೆ ಇದೆಯೇ?”

ಕೂತಲ್ಲಿಂದಲೇ ಸೆಲ್ಯೂಟ್ ಹೊಡೆದು, “ಏನೂ ಇಲ್ಲ ಸರ್!” ಎಂದರು.

ಇಬ್ಬರು ಡಾಕ್ಟರರು ರಟ್ಟೆ ಹಿಡಿದು ಎಬ್ಬಿಸಿದರು. ಮೇಜರ್ ನಗುತ್ತಲೇ ಏನೋ ಬರೆದುಕೊಂಡರು.

ಹೊರಗೆ ಬಂದವರೇ, “ಎಲ್ಲಾರ ಮುಂದ ನನ್ನ ಇಜ್ಜತ್ ತೆಗದೆಲ್ಲ ಬೇ!” ಎಂದು ಮುನಿಸಿಕೊಂಡರು.

ತೀರ್ಪು ಇನ್ನೂ ಬರಬೇಕು. ಶತ್ರುವಿಗೆ ಬೆನ್ನು ತೋರಿಸದ ಮನುಷ್ಯ ಡಾಕ್ಟರಿಗೆ ಮೊಣಕಾಲು ತೋರಿಸಬೇಕಾದರೆ ಹೆಂಡತಿಯೇ ಜೊತೆಗೆ ಹೋಗಬೇಕು.