ಗೂಡಿನ ಪಂತದ ಬೈರಮ್ಮ

ಸೊಸೆಯಾದವಳು ತವರಿಗೆ ಹೋಗುವಾಗ ಗಾಳಿಯ ಹಾಗೆ ಹೋಗುತ್ತಾಳೆ, ಗಂಡನ ಮನೆಗೆ ವಾಪಸು ಬರುವಾಗ ಕಾಲಿಗೆ ಕಲ್ಲು ಕಟ್ಟಿಕೊಂಡವಳ ಹಾಗೆ ಬರುತ್ತಾಳೆ. ಇದು ಲೋಕರೂಢಿ. ಚನ್ನಪಟ್ಟಣದ ಹತ್ತಿರದ ಹೊಂಗೆದೊಡ್ಡಿಯ ಬೈರಮ್ಮ ಮಾತ್ರ ಈ ರೂಢಿಯನ್ನು ತಲೆಕೆಳಗು ಮಾಡಿದವಳು. ಅವಳ ತವರು ಮಾಗಡಿ ಸೀಮೆಯಲ್ಲಿ. ಅಲ್ಲಿಂದ ಗಂಡನ ಊರಿಗೆ ಎಂಟು ಹರದಾರಿ, ಬಂಡೆ ಹತ್ತಿ ಇಳಿದು ಹೊಳೆ ದಾಟುವ ದಾರಿ. ಬೆಳಗಿನ ಕೋಳಿ ಕೂಗುವಾಗ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಹೊಂಗೆದೊಡ್ಡಿಯಲ್ಲಿರುತ್ತಿದ್ದಳು.

ಅವಳ ಅತ್ತೆ ಗಂಗಲಕ್ಷ್ಮಮ್ಮನಿಗೆ ಇದೊಂದು ದೊಡ್ಡ ಹೆಮ್ಮೆ. ಬಾವಿಕಟ್ಟೆಯಲ್ಲಿ ನಿಂತು, "ನಮ್ ಸೊಸೆ ತವರಿಂದ ಓಡಿ ಬತ್ತಾಳೆ ಕಣ್ರವ್ವ. ನಿಮ್ಮ ಸೊಸೇರ್ನ ಕರ್ಕೊಂಡ್ ಬರಾಕೆ ಗಾಡಿ ಕಳಿಸ್ಬೇಕು, ಆಮೇಲೆ ಒಸಿ ಕಾಲೂ ಹಿಡೀಬೇಕು" ಅನ್ನುತ್ತಿದ್ದಳು. ಮನೆಯೊಳಗೆ ಬಂದು ಅದೇ ಸೊಸೆಗೆ ಮುದ್ದೆ ಗಂಟಾಯಿತೆಂದು ಬಯ್ಯುತ್ತಿದ್ದಳು, ಆ ಮಾತು ಬೇರೆ.

ಆಗ ಮಹಾರಾಜರ ಕಾಲ. ಚನ್ನಪಟ್ಟಣದ ಸುತ್ತ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಹಳ್ಳಿಗಳಿಗೆಲ್ಲ ಬಿತ್ತನೆ ಬರಬೇಕಾದದ್ದು ಮಾಗಡಿ ಸೀಮೆಯಿಂದ. ಬಿತ್ತನೆ ಎಂದರೆ ಕಾಳಲ್ಲ, ಒಳಗೆ ಜೀವವಿರುವ ಗೂಡು. ಹುಳು ಗೂಡು ಕಟ್ಟಿದ ಹತ್ತು ಹನ್ನೊಂದನೆಯ ದಿನ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಏಳುತ್ತದೆ. ಅಷ್ಟರೊಳಗೆ ಬುಟ್ಟಿ ಊರು ಸೇರಬೇಕು. ಕುಲುಕಿದರೆ ಒಳಗಿನ ಜೀವ ಸಾಯುತ್ತದೆ, ಬಿಸಿಲು ಬಡಿದರೆ ಬೇಯುತ್ತದೆ. ಕ್ಲೋಸುಪೇಟೆಗೆ ಹೋಗಿ ರೈಲು ಹತ್ತಬಹುದಿತ್ತಲ್ಲ ಎಂದು ಕೇಳಿದರೆ, ರೈಲಿನ ಹೊಗೆಗೆ ಚಿಟ್ಟೆ ಕುರುಡಾಗುತ್ತದೆ ಎಂದು ಆ ಜನ ನಂಬಿದ್ದರು. ನಂಬಿದ ಮೇಲೆ ಮುಗಿಯಿತು, ನಡೆಯಲೇಬೇಕು.

ನಡೆಯುವುದು ಹೇಗೂ ಇದ್ದೇ ಇದೆಯೆಂದು ಅದನ್ನೊಂದು ಪಂತ ಮಾಡಿಕೊಂಡರು. ವರ್ಷಕ್ಕೊಮ್ಮೆ, ಭಾದ್ರಪದದ ದೊಡ್ಡ ಬೆಳೆಗೆ ಮುಂಚೆ, ಐದು ಹಳ್ಳಿಯಿಂದ ಒಬ್ಬೊಬ್ಬ ಆಳು ಮಾಗಡಿ ಸೀಮೆಗೆ ಹೋಗುವುದು. ಅಲ್ಲಿ ಗೂಡು ಬೆಳೆಯುವ ಬಸವಯ್ಯ ಐದೂ ಬುಟ್ಟಿಗೆ ಸಮನಾಗಿ ಎಣಿಸಿ ಹಾಕಿ, "ಹೂಂ" ಎಂದ ಕೂಡಲೆ ಹೊರಡುವುದು. ಚನ್ನಪಟ್ಟಣದಲ್ಲಿ ನೂಲು ತೆಗೆಯುವ ಖಾಸಿಂ ಸಾಬರ ಮನೆಯ ಮುಂದಿನ ಅರಳಿಕಟ್ಟೆಗೆ ಮೊದಲು ಬುಟ್ಟಿ ಇಳಿಸಿದವನಿಗೆ ಸಾಬರು ಒಂದು ರೇಷ್ಮೆ ರುಮಾಲು ಸುತ್ತುತ್ತಿದ್ದರು. ಕಟ್ಟಳೆ ಒಂದೇ. ದಾರಿಯಲ್ಲಿ ಚಿಟ್ಟೆ ಎದ್ದರೆ ಆ ಬುಟ್ಟಿಯನ್ನು ಊರಿಗೆ ತರುವ ಹಾಗಿಲ್ಲ, ಹೊತ್ತವನು ಮತ್ತೆ ಬುಟ್ಟಿ ಮುಟ್ಟುವ ಹಾಗಿಲ್ಲ. ಗೂಡು ಹೊರುವುದು ಗಂಡಸರ ಕೆಲಸ. ಚಿಟ್ಟೆ ಎದ್ದ ಮೇಲೆ ಜೋಡಿ ಮಾಡಿ ಮೊಟ್ಟೆ ಇಡಿಸುವುದು ಹೆಂಗಸರ ಕೆಲಸ, ಗಂಡಸು ಚಿಟ್ಟೆಗೆ ಕೈ ಹಾಕಿದರೆ ನಾಚಿಕೆಗೇಡು.

ಇಂಥ ಪಂತದೊಳಗೆ ಹೆಂಗಸೊಬ್ಬಳು ನುಗ್ಗಿದ್ದು ಒಂದು ಜಾಲಿ ಮುಳ್ಳಿನ ದೆಸೆಯಿಂದ. ಹೊಂಗೆದೊಡ್ಡಿಯ ಬುಟ್ಟಿ ಹೊರುತ್ತಿದ್ದವನು ಬೈರಮ್ಮನ ಗಂಡ ಸಿದ್ದಯ್ಯ. ಹೊರಡುವ ಎರಡು ದಿನ ಮುಂಚೆ ಮುಳ್ಳು ತುಳಿದು ಅವನ ಕಾಲು ಕುಂಬಳಕಾಯಿಯಾಯಿತು. ಊರ ಗೌಡ ದೊಡ್ಡಹನುಮಯ್ಯ ತಲೆಯ ಮೇಲೆ ಕೈ ಹೊತ್ತು ಸಿದ್ದಯ್ಯನ ಮನೆ ಜಗಲಿಯಲ್ಲಿ ಕೂತಿದ್ದಾಗ ಬಾಗಿಲ ಸಂದಿಯಿಂದ ಬೈರಮ್ಮ, "ನಾನು ತತ್ತೀನಿ ಗೌಡ್ರೆ. ಅದು ನಮ್ಮವ್ವನ ಮನೆ ದಾರಿ, ಕಣ್ಮುಚ್ಕೊಂಡು ಬತ್ತೀನಿ" ಅಂದಳು.

ಗೌಡ ನಗಲಿಲ್ಲ. ಬೇರೆ ದಾರಿಯೂ ಇರಲಿಲ್ಲ. "ಹೋಗು. ಆದ್ರೆ ಕೇಳುಸ್ಕೊ. ನಿನ್ ಕೈಯಾಗೆ ಬುಟ್ಟಿ ಕೆಡ್ತೋ, ನೀನೊಬ್ಳೇ ಅಲ್ಲ, ಈ ಸುತ್ತಿನಾಗೆ ಯಾವ ಹೆಂಗಸೂ ಇನ್ನು ಬುಟ್ಟಿ ಹೊರಾಕಿಲ್ಲ. ಇವತ್ತಲ್ಲ, ಯಾವತ್ತಾದ್ರೂ ಸೈ."

ಆ ಮಾತನ್ನು ಬೈರಮ್ಮ ಬುಟ್ಟಿಯ ಜೊತೆಗೇ ಹೊತ್ತಳು. ಚಿಕ್ಕಂದಿನಲ್ಲಿ ತಾಯಿ ಅವಳ ತಲೆಯ ಮೇಲೆ ಮಜ್ಜಿಗೆ ಗಡಿಗೆ ಇಟ್ಟು ಮಾಗಡಿ ಸಂತೆಗೆ ಕಳಿಸುತ್ತಿದ್ದಳು. ಬಂಡೆಯ ಇಳಿಜಾರಿನಲ್ಲಿ ತೊಟ್ಟು ಮಜ್ಜಿಗೆ ತುಳುಕಿದರೂ ಬೆನ್ನಿಗೆ ಏಟು ಬೀಳುತ್ತಿತ್ತು. ಹೀಗೆ ಕಲಿತ ನಡಿಗೆ ಅವಳದು. ಹಿಮ್ಮಡಿ ಊರದೆ, ಹೆಜ್ಜೆ ಎತ್ತದೆ, ನೆಲದ ಮೇಲೆ ಜಾರಿಕೊಂಡು ಹೋದ ಹಾಗೆ ಕಾಣುತ್ತಿತ್ತು. ತಲೆಯ ಬುಟ್ಟಿಗೆ ಕೈ ಬೇಕಿರಲಿಲ್ಲವಾಗಿ ಎರಡೂ ಕೈಯಲ್ಲಿ ಒಂದೊಂದು ಬಿದಿರು ಕೋಲು ಹಿಡಿದು ಊರಿಕೊಂಡು ಏರು ಹತ್ತುತ್ತಿದ್ದಳು. ಕರೇಕಲ್ಲುದೊಡ್ಡಿಯ ಮುನಿಯಪ್ಪ, ಅಲ್ಲಿಯವರೆಗೆ ಪಂತದ ಹುಲಿ, ಅವಳನ್ನು ನೋಡಿ "ನಾಕು ಕಾಲಿನ ಪ್ರಾಣಿ ಬಂತು ಕಣ್ರಲಾ" ಎಂದು ನಕ್ಕ. ಸಂಜೆ ಅವನು ಅರಳಿಕಟ್ಟೆ ಮುಟ್ಟಿದಾಗ ನಾಕು ಕಾಲಿನ ಪ್ರಾಣಿ ಅಲ್ಲಿ ಕೂತು ಕಾಲು ನೀವಿಕೊಳ್ಳುತ್ತಿತ್ತು.

ಗೆದ್ದ ಹೆಂಗಸಿನ ತಲೆಗೆ ರುಮಾಲು ಸುತ್ತುವುದು ಹೇಗೆ? ಖಾಸಿಂ ಸಾಬರು ಗಡ್ಡ ಕೆರೆದುಕೊಂಡು ಯೋಚಿಸಿ, ಕೊನೆಗೆ ಕುಂಟುತ್ತ ಬಂದಿದ್ದ ಸಿದ್ದಯ್ಯನಿಗೆ ಸುತ್ತಿದರು. ಮುಂದಿನ ವರ್ಷ ಅವನ ಕಾಲು ವಾಸಿಯಾಗಿತ್ತು. ಆದರೂ ಅವನು, "ಅವ್ಳೇ ಹೋಗ್ಲಿ ಬುಡಿ, ನಂಗೆ ರುಮಾಲು ಹೆಂಗೂ ಸಿಕ್ತದೆ" ಅಂದ. ಒಳ್ಳೆಯ ಗಂಡ. ಆರು ವರ್ಷ ಆರು ರುಮಾಲು ಬಂದವು. ಆರು ವರ್ಷವೂ ಎರಡನೆಯವನಾಗಿ ಬಂದವನು ಮುನಿಯಪ್ಪ. ಆರು ವರ್ಷವೂ ಗೌಡ ಹೇಳಿದ್ದು ಒಂದೇ ಮಾತು: "ಇದೊಂದು ಸಲ ಹೋಗ್ಬಾ."

ಏಳನೆಯ ವರ್ಷ ಕಣ್ವ ಹೊಳೆ ಬಂತು.

ಮುಕ್ಕಾಲು ದಾರಿ ಮುಗಿದಿತ್ತು. ಬೈರಮ್ಮ ಮುಂದೆ, ಒಂದು ಕೂಗಳತೆಯಲ್ಲಿ ಮುನಿಯಪ್ಪ. ಹೊಳೆಯ ದಡಕ್ಕೆ ಬಂದು ನೋಡಿದರೆ ಮೇಲೆಲ್ಲೋ ಸುರಿದ ಮಳೆಗೆ ಕೆಂಪು ನೀರು ಬೇಲಿ ಮರಗಳನ್ನೆಲ್ಲ ಉರುಳಿಸಿಕೊಂಡು ಹೋಗುತ್ತಿತ್ತು. ಇಬ್ಬರೂ ದಡದ ಮೇಲಿನ ಹಳೇ ಕಲ್ಲುಮಂಟಪ ಸೇರಿದರು. ಒಂದು ದಿನ ಕಾದರು. ಎರಡನೆಯ ದಿನವೂ ನೀರು ಇಳಿಯಲಿಲ್ಲ. ಗಂಟಿನ ರಾಗಿ ರೊಟ್ಟಿ ಮುಗಿಯಿತು, ಮಾತೂ ಮುಗಿಯಿತು. ಮೂರನೆಯ ದಿನ ಬೆಳಕು ಹರಿಯುವಾಗ ಬುಟ್ಟಿಯೊಳಗಿಂದ ಪಟಪಟ ಸದ್ದು ಕೇಳಿಸಿತು. ಎರಡೂ ಬುಟ್ಟಿಯಲ್ಲಿ ಚಿಟ್ಟೆ ಏಳುತ್ತಿದ್ದವು.

ಬೈರಮ್ಮ ಬುಟ್ಟಿ ತೆರೆದು ನೋಡಿದಳು. ಕೂತಲ್ಲೇ ಅತ್ತಳು. ಮನೆಯ ಮುದ್ದೆ, ಬಾವಿಕಟ್ಟೆ, ಅತ್ತೆಯ ಬಯ್ಗುಳ, ಎಲ್ಲದರ ನಡುವೆ ವರ್ಷಕ್ಕೊಂದು ದಿನ ಅವಳದೇ ಆಗಿತ್ತು. ಆ ದಿನ ಇನ್ನಿಲ್ಲ. ಅವಳಿಗಷ್ಟೇ ಅಲ್ಲ, ಇನ್ನು ಯಾವ ಹೆಣ್ಣಿಗೂ ಇಲ್ಲ.

ಮುನಿಯಪ್ಪ ಎದ್ದು ತನ್ನ ಬುಟ್ಟಿ ಎತ್ತಿಕೊಂಡು ಹೊಳೆಯ ಕಡೆ ಹೊರಟ.

"ಏನ್ ಮಾಡ್ತಿದ್ದೀಯಣ್ಣ?"

"ಇನ್ನೇನ್ ಮಾಡದು? ಚಿಟ್ಟೆ ಎದ್ದ ಬುಟ್ಟಿ ಊರಿಗೆ ಒಯ್ಯಂಗಿಲ್ಲ. ನಂದೂ ಮುಗೀತು, ನಿಂದೂ ಮುಗೀತು ಕಣವ್ವ. ಗಂಗಮ್ಮಂಗೆ ಬುಟ್ಬುಡು."

"ಗೂಡಿನಾಗೆ ಇದ್ದುದ್ದೇ ಈಗ ಹೊರಗ್ ಬಂದೈತೆ. ಸತ್ತಿಲ್ವಲ್ಲಣ್ಣ! ತಾ ಇಲ್ಲಿ, ಜೋಡಿ ಮಾಡುಮ. ನಾನ್ ತೋರುಸ್ಕೊಡ್ತೀನಿ."

"ಥೂ, ನಾನೇನ್ ಹೆಂಗಸಾ?" ಅಂದವನೇ ಮುನಿಯಪ್ಪ ಬುಟ್ಟಿಯನ್ನು ಹೊಳೆಗೆ ಬೋರಲು ಹಾಕಿದ. ಬಿಳಿ ಗೂಡುಗಳು ತೇಲಿ ತಿರುಗಿ ಮರೆಯಾದವು. ಕಟ್ಟಳೆ ಮೀರದ ಮನುಷ್ಯ, ಬುದ್ಧಿ ಮಾತ್ರ ಬುಟ್ಟಿಯ ಜೊತೆ ಹೋಯಿತು.

ಬೈರಮ್ಮ ಕಣ್ಣೊರೆಸಿಕೊಂಡಳು. ಅಷ್ಟು ವರ್ಷ ಅವಳು ಗಂಡಸರ ಕೆಲಸ ಮಾಡಿದ್ದಳು, ನಿಜ. ಆದರೆ ಹೆಂಗಸರ ಕೆಲಸ ಮರೆತಿರಲಿಲ್ಲ. ಪಂತಕ್ಕೆ ಹೊರಡುವಾಗೆಲ್ಲ ಅವಳು ಗಂಟಿನಲ್ಲಿ ತನ್ನ ಧಾರೆ ಸೀರೆ ತರುತ್ತಿದ್ದಳು, ಊರ ಹತ್ತಿರ ಬಂದಾಗ ಉಟ್ಟುಕೊಂಡು ಪೇಟೆಯೊಳಗೆ ಮೆರೆಯುತ್ತ ಹೋಗುವ ಆಸೆಯಿಂದ. ಹದಿನಾರು ಮೊಳದ ಆ ಸೀರೆಯನ್ನು ಬಿಚ್ಚಿ ಮಂಟಪದ ತಂಪು ನೆಲದ ಮೇಲೆ ಹಾಸಿದಳು. ಇರುವೆ ಬರದ ಹಾಗೆ ಸುತ್ತ ಬೂದಿ ಗೆರೆ ಎಳೆದಳು. ರೆಕ್ಕೆ ಬಡಿಯುವ ಗಂಡು ಚಿಟ್ಟೆಗಳನ್ನು ಹೊಟ್ಟೆ ಹೊತ್ತ ಹೆಣ್ಣು ಚಿಟ್ಟೆಗಳ ಪಕ್ಕ ಬಿಟ್ಟಳು. ಮಧ್ಯಾಹ್ನ ಇಳಿದ ಮೇಲೆ ಜೋಡಿ ಬಿಡಿಸಿ ಹೆಣ್ಣುಗಳನ್ನಷ್ಟೇ ಸೀರೆಯ ಮೇಲೆ ಉಳಿಸಿದಳು. ಹಲ್ಲಿ ಓಡಿಸುತ್ತ ಕೂತಳು. ಮುನಿಯಪ್ಪ ಕಂಬಕ್ಕೊರಗಿ ಬೇರೆ ಕಡೆ ಮುಖ ಮಾಡಿಕೊಂಡು, ಆಗಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಮಾರನೆಯ ಬೆಳಿಗ್ಗೆ ಸೀರೆಯ ಉದ್ದಕ್ಕೂ ಹಳದಿ ಮೊಟ್ಟೆ, ನವಣೆ ಚೆಲ್ಲಿದ ಹಾಗೆ ಅಂಟಿಕೊಂಡಿತ್ತು. ಹೊಳೆ ಸೊಂಟದ ಮಟ್ಟಕ್ಕೆ ಇಳಿದಿತ್ತು.

ಸೀರೆಯನ್ನು ಸಡಿಲವಾಗಿ ಮಡಿಸಿ ಬುಟ್ಟಿಯಲ್ಲಿಟ್ಟುಕೊಂಡು ಬೈರಮ್ಮ ಹೊಳೆ ದಾಟಿದಳು. ಅವಳ ನಡಿಗೆ ಯಾವತ್ತೂ ಅಷ್ಟು ನವುರಾಗಿರಲಿಲ್ಲವಂತೆ.

ಅರಳಿಕಟ್ಟೆಯಲ್ಲಿ ಐದೂ ಊರಿನವರು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಉಳಿದ ಮೂರು ಊರಿನ ಆಳುಗಳೂ ಮೇಲಿನ ಕಡವಿನಲ್ಲಿ ಸಿಕ್ಕಿಬಿದ್ದು ಮುನಿಯಪ್ಪ ಮಾಡಿದ್ದನ್ನೇ ಮಾಡಿ ಬಂದಿದ್ದರು. ಬಸವಯ್ಯನ ಹತ್ತಿರ ಮತ್ತೆ ಗೂಡಾಗಲು ತಿಂಗಳು ಬೇಕು, ಅಷ್ಟು ಹೊತ್ತಿಗೆ ಹೊಲದ ಸೊಪ್ಪು ಬಲಿತು ದನಕ್ಕಾಗುತ್ತದೆ. ಬೈರಮ್ಮ ಬುಟ್ಟಿ ಇಳಿಸಿದಳು. ಗೌಡ ಬಗ್ಗಿ ನೋಡಿದ.

"ಗೂಡೆಲ್ಲಿ?"

"ಚಿಟ್ಟೆ ಎದ್ಬುಡ್ತು ಗೌಡ್ರೆ."

"ಅಂಗಾರೆ ಮುಗೀತು. ನಾನ್ ಅವತ್ತೇ ಹೇಳಿದ್ದೆ."

"ಮೊಟ್ಟೆ ತಂದಿವ್ನಿ" ಎಂದು ಅವಳು ಸೀರೆಯ ಮಡಿಕೆ ಬಿಡಿಸಿದಳು.

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಖಾಸಿಂ ಸಾಬರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಗೌಡ್ರೆ, ನಿಮ್ ಕಟ್ಟಳೇಲಿ ಚಿಟ್ಟೆ ಬುಟ್ಟಿ ತರಬಾರ್ದು ಅಂತ ಐತೆ. ಸೀರೆ ತರಬಾರ್ದು ಅಂತ ಐತಾ?" ಅಂದರು. ಯಾರೋ ಕಿಸಕ್ಕೆಂದರು. ಗೌಡನಿಗೆ ನಗು ಬರಲಿಲ್ಲ. ಹೊಳೆ ದಡದ ಮೊಟ್ಟೆ, ಜೊಳ್ಳೋ ಗಟ್ಟಿಯೋ ಯಾರಿಗೆ ಗೊತ್ತು? "ಹುಳ ಎದ್ರೆ ಬುಟ್ಟಿ ನಿಂದು. ಜೊಳ್ಳಾದ್ರೆ ನಾನಾಡಿದ ಮಾತು ಮಾತೇ" ಅಂದ.

ಎಂಟು ದಿನ ಬೈರಮ್ಮ ಸರಿಯಾಗಿ ಉಣ್ಣಲಿಲ್ಲ. ಮನೆಯ ಕತ್ತಲ ಕೋಣೆಯಲ್ಲಿ ಗಳದ ಮೇಲೆ ಸೀರೆ ತೂಗುಹಾಕಿ ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದಳು. ಒಂಬತ್ತನೆಯ ದಿನ ಅತ್ತೆ ಒಳಗಿನಿಂದ ಕೂಗಿಕೊಂಡಳು: "ಬಾರೇ ಬೈರೀ! ಕಪ್ಪಾಗೈತೆ ಕಣೇ, ಎಲ್ಲಾ ಕಪ್ಪಾಗೈತೆ!" ಹಳದಿ ಮೊಟ್ಟೆ ಕಪ್ಪಾಯಿತೆಂದರೆ ಒಳಗೆ ಹುಳು ಕೂಡಿದೆಯೆಂದೇ ಅರ್ಥ. ನಾಳೆ ಎದ್ದೇ ಏಳುತ್ತದೆ. ಬೈರಮ್ಮ ಅತ್ತೆಯನ್ನು ಅಪ್ಪಿಕೊಂಡು ಕೋಣೆಯೊಳಗೇ ಒಂದು ಸುತ್ತು ಕುಣಿದಳು. ಗಂಗಲಕ್ಷ್ಮಮ್ಮನನ್ನು ಯಾರೂ ಹಾಗೆ ಅಪ್ಪಿಕೊಂಡಿರಲಿಲ್ಲ, ಅವಳು ಬಯ್ಯುವುದನ್ನೇ ಮರೆತಳು.

ಸುದ್ದಿ ಹಬ್ಬಿತು. ಒಂದೊಂದೇ ಊರಿನವರು ಬಾಗಿಲಿಗೆ ಬಂದರು. ಸೀರೆಯನ್ನು ಕತ್ತರಿಸಿ ಹಂಚುವುದಲ್ಲದೆ ಬೇರೆ ಉಪಾಯವಿರಲಿಲ್ಲ.

"ಧಾರೆ ಸೀರೆಗೆ ಕತ್ತರಿ ಹಾಕ್ತಾರೇನೇ, ಮುತ್ತೈದೆ ನೀನು?" ಎಂದು ಅತ್ತೆ ಗದರಿದಳು.

"ಸಿದ್ದಯ್ಯ ಗಟ್ಟಿಯಾಗೇ ಅವ್ನಲ್ಲತ್ತೆ, ನೋಡಿ, ಜಗಲೀಲಿ ಎಲಡ್ಕೆ ಹಾಕ್ಕೊಂಡು ಕೂತವ್ನೆ." ಗಂಡನ ಹೆಸರು ಬಾಯಲ್ಲಿ ಬಂದದ್ದಕ್ಕೆ ನಾಲಗೆ ಕಚ್ಚಿಕೊಂಡು ಬೈರಮ್ಮ ಕತ್ತರಿ ಎತ್ತಿದಳು. ಊರಿಗೆ ಮೂರು ಮೊಳ. ಅಳೆಯುವ ಕೆಲಸ ಅತ್ತೆಯೇ ಕಿತ್ತುಕೊಂಡಳು. ಸೊಸೆಯನ್ನು ಹಿಂದೆ ಆಡಿಕೊಂಡಿದ್ದ ಊರಿನವರು ಬಂದಾಗ ಅವಳ ಮೊಳ ಒಸಿ ಗಿಡ್ಡವಾಗುತ್ತಿತ್ತು.

ಮುನಿಯಪ್ಪ ಕೊನೆಗೆ ಬಂದ. ಒಳಗೆ ಬರದೆ ತೆಂಗಿನ ಮರದ ಕೆಳಗೆ ನಿಂತಿದ್ದ. ಬೈರಮ್ಮ ಕರೆಯಲಿಲ್ಲ, ಕಾಯಿಸಲೂ ಇಲ್ಲ. ಸೆರಗಿನ ಮೂರು ಮೊಳ ಕತ್ತರಿಸಿ ತಾನೇ ತೆಗೆದುಕೊಂಡು ಹೋಗಿ ಅವನ ಕೈಯಲ್ಲಿಟ್ಟಳು. ಅವನು ತಲೆ ಎತ್ತದೆ, "ನಮ್ಮೂರಿಗೂ ಕೊಟ್ಯಲ್ಲವ್ವ" ಅಂದ.

ಮಾರನೆಯ ಬೆಳಿಗ್ಗೆ ಐದೂ ಊರಿನಲ್ಲಿ ಒಟ್ಟಿಗೇ ಹುಳ ಎದ್ದವು. ಆ ಸಲದ ಬೆಳೆ ಹೇಗಿತ್ತೆಂದರೆ ಖಾಸಿಂ ಸಾಬರ ಮನೆಯಲ್ಲಿ ಗೂಡು ಇಡಲು ಜಾಗ ಸಾಲದೆ ಅವರು ಜಗಲಿಯಲ್ಲಿ ಮಲಗಿದರು. ಗೌಡ ಹೊಸ ಬಿದಿರು ಬುಟ್ಟಿ ತರಿಸಿ, ಹಿರಿಯರ ಮುಂದೆ ತಾನೇ ಎತ್ತಿ ಬೈರಮ್ಮನ ತಲೆಯ ಮೇಲಿಟ್ಟ. ಇದೊಂದು ಸಲ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಆಮೇಲೂ ಹದಿನೈದು ವರ್ಷ ಬೈರಮ್ಮ ಪಂತ ನಡೆದಳು, ಬಹುಪಾಲು ಗೆದ್ದಳು. ಮುದುಕಿಯಾದ ಮೇಲೆ ಯಾರಾದರೂ ಕೇಳಿದರೆ ಗೆದ್ದ ಕಥೆ ಹೇಳುತ್ತಿರಲಿಲ್ಲ, ಎಂಟನೆಯ ವರ್ಷದ ಕಥೆ ಹೇಳುತ್ತಿದ್ದಳು. ಆ ವರ್ಷ ಬಸವಯ್ಯನ ಅಂಗಳಕ್ಕೆ ಕರೇಕಲ್ಲುದೊಡ್ಡಿಯಿಂದ ಇಬ್ಬರು ಬಂದಿದ್ದರು. ಮುನಿಯಪ್ಪ, ಅವನ ಹಿಂದೆ ಸೆರಗು ಬಿಗಿದು ಕಟ್ಟಿಕೊಂಡ ಅವನ ಹೆಂಡತಿ ಮುನಿಯಮ್ಮ.

"ನಂಗೆ ಚಿಟ್ಟೆ ಮುಟ್ಟಾಕೆ ಬರಾಕಿಲ್ಲ, ಇವ್ಳಿಗೆ ಬತ್ತದೆ" ಎಂದು ಮುನಿಯಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅದ್ಕೆ ನಮ್ಮೂರ ಬುಟ್ಟಿ ಇನ್ ಇವ್ಳ ತಲೆ ಮ್ಯಾಲೆ."

ಅವತ್ತು ಬೈರಮ್ಮ ಜೀವದ ಹಂಗು ತೊರೆದು ನಡೆದಳು. ಹೊಳೆಯವರೆಗೆ ಇಬ್ಬರೂ ಜೊತೆಜೊತೆ. ಹೊಳೆ ದಾಟಿದ ಮೇಲೆ ಮುನಿಯಮ್ಮ ಮುಂದಾದಳು, ಮುಂದಾದವಳು ಸಿಗಲೇ ಇಲ್ಲ. ಅರಳಿಕಟ್ಟೆಗೆ ಎರಡನೆಯವಳಾಗಿ ಬಂದು ಬುಟ್ಟಿ ಇಳಿಸಿ ಬೈರಮ್ಮ ಗಟ್ಟಿಯಾಗಿ ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು.

"ಸೋತ್ಬಿಟ್ಟು ನಗ್ತೀಯಲ್ಲಮ್ಮ?" ಎಂದು ಖಾಸಿಂ ಸಾಬರು ಬೆರಗಾಗಿ ಕೇಳಿದರು.

"ಏಳು ವರ್ಸ ಒಬ್ಳೇ ನಡುದ್ನಲ್ಲ ಸಾಬ್ರೆ," ಎಂದಳು ಬೈರಮ್ಮ. "ಇವತ್ತು ನನ್ ಮುಂದೆ ಒಂದು ಹೆಣ್ಣಿನ ಬೆನ್ ಕಾಣುಸ್ತು."